ಎರಡು ಬೆರಳಗಲದಲ್ಲಿ ಹತ್ತು ಆಂಪಿಯರ್

ಎರಡನೇ ವರ್ಷದ ಲ್ಯಾಬಿನಲ್ಲಿ ನಾವೆಲ್ಲ ಕಟ್ಟಿದ ಮೊದಲ ಪವರ್ ಸಪ್ಲೈ ನೆನಪಿದೆಯಲ್ಲ? 12 ವೋಲ್ಟಿನ ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ದಪ್ಪ ಕೆಪಾಸಿಟರ್, ಕೊನೆಗೆ 7805. ಒಂದು ಆಂಪಿಯರ್ ಎಳೆದರೆ ಸಾಕು, ಐಸಿ ಮುಟ್ಟಲಾಗದಷ್ಟು ಬಿಸಿ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗತ್ತೆ. ಕೆಪಾಸಿಟರ್ ಮೇಲೆ ಸುಮಾರು 15 ವೋಲ್ಟ್, ಹೊರಗೆ 5 ವೋಲ್ಟ್, ಮಧ್ಯದ 10 ವೋಲ್ಟ್ ಪೂರ್ತಿ ಶಾಖ. 5 ವ್ಯಾಟ್ ಕೆಲಸಕ್ಕೆ 10 ವ್ಯಾಟ್ ಸುಡುವ ಯಂತ್ರ ಅದು. ಪಾಠಕ್ಕೆ ಒಳ್ಳೆಯದು, ಇನ್ನು ಯಾವುದಕ್ಕೂ ಅಲ್ಲ.

ಈಗ ಯಾವುದಾದರೂ ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್ ಬಾಗಿಲು ತೆಗೆದು ನೋಡಿ. ಮೇಲಿನ ಸಾಲಿನಲ್ಲಿ ಎಂಸಿಬಿಗಳು, ಅವುಗಳ ಪಕ್ಕ ಒಂದು ಲೋಹದ ಡಬ್ಬಿ, ಅದರ ಮೂತಿಯ ಮೇಲೆ ‘ಡಿಸಿ ಓಕೆ’ ಅಂತ ಒಂದು ಹಸಿರು ದೀಪ. ಪ್ಯಾನೆಲ್ ಕಟ್ಟುವವರ ಬಾಯಲ್ಲಿ ಅದರ ಹೆಸರು ಬರೀ ‘ಎಸ್‌ಎಂಪಿಎಸ್’. ಈಚಿನದಾದರೆ ಅಗಲ 40 ಮಿಲಿಮೀಟರ್ ಆಸುಪಾಸು, ಸ್ವಲ್ಪ ಹಳೆಯದಾದರೆ 60. ಅಂದ್ರೆ ಎರಡು ಬೆರಳಗಲ, ಹೆಚ್ಚಂದ್ರೆ ಮೂರು. ಅಷ್ಟರಿಂದ 24 ವೋಲ್ಟ್, 10 ಆಂಪಿಯರ್, ಒಟ್ಟು 240 ವ್ಯಾಟ್ ಹೊರಗೆ ಬರತ್ತೆ. ಫ್ಯಾನ್ ಇಲ್ಲ, ದೊಡ್ಡ ಹೀಟ್‌ಸಿಂಕ್ ಇಲ್ಲ. ಅದನ್ನು ಕಚ್ಚಿಸಿರುವ ಪಟ್ಟಿಯೇ ಡಿನ್ ರೈಲ್, 35 ಮಿಲಿಮೀಟರ್ ಅಗಲದ್ದು. ಡಿನ್ ಅನ್ನೋದು ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳು, ರೈಲಿನ ಗುಣವಾಚಕವಲ್ಲ.

ಮೇಲ್ನೋಟಕ್ಕೆ ಇದು ಪ್ಯಾನೆಲ್ಲಿನಲ್ಲಿ ಅತ್ಯಂತ ಬೇಜಾರಿನ ವಸ್ತು. ಪಿಎಲ್‌ಸಿ ಬಗ್ಗೆ ಕೋರ್ಸ್ ಇದೆ, ಡ್ರೈವ್ ಬಗ್ಗೆ ಪುಸ್ತಕ ಇದೆ. ಇದರ ಬಗ್ಗೆ ಬಿಲ್ ಆಫ್ ಮೆಟೀರಿಯಲ್‌ನಲ್ಲಿ ಒಂದೇ ಸಾಲು: ‘24 ವೋಲ್ಟ್, 10 ಆಂಪಿಯರ್, ಒಂದು’. ನಮ್ಮಲ್ಲಿ ಆಟೊಮೇಶನ್ ಕಡೆ ಕೆಲಸಕ್ಕೆ ಹೋಗುವವರು ಮೊದಲ ತಿಂಗಳಲ್ಲೇ ಬರೆಯಬೇಕಾಗುವ ಸಾಲು ಕೂಡ ಇದೇ. ಆದರೆ ಪಿಎಲ್‌ಸಿ, ಸೆನ್ಸರ್, ಸೊಲೆನಾಯ್ಡ್ ವಾಲ್ವ್, ರಿಲೇ, ಎಚ್‌ಎಂಐ ಪರದೆ, ಎಲ್ಲವೂ ಬದುಕಿರೋದು ಈ ಒಂದು ಡಬ್ಬಿಯಿಂದ. ಒಂದು ಸೆನ್ಸರ್ ಕೆಟ್ಟರೆ ಒಂದು ಸ್ಟೇಷನ್ ನಿಲ್ಲತ್ತೆ. ಇದು ಕೆಟ್ಟರೆ ಇಡೀ ಲೈನ್ ನಿಲ್ಲತ್ತೆ, ಜೊತೆಗೆ ಯಾಕೆ ನಿಂತಿತು ಅಂತ ಹೇಳೋ ಪರದೆಯೂ ಕಪ್ಪಾಗಿರತ್ತೆ.

24 ವೋಲ್ಟೇ ಯಾಕೆ ಅನ್ನೋದನ್ನ ಬೇಗ ಮುಗಿಸೋಣ. ಡಿಸಿಯಲ್ಲಿ 60 ವೋಲ್ಟಿಗಿಂತ ಕೆಳಗೆ, ಮೇನ್ಸ್‌ನಿಂದ ಸರಿಯಾಗಿ ಬೇರ್ಪಡಿಸಿದ್ದರೆ, ಒಣಗಿದ ಜಾಗದಲ್ಲಿ ಮುಟ್ಟಿದರೂ ಅಪಾಯ ಕಡಿಮೆ ಅಂತ ಮಾನಕಗಳು ಒಪ್ಪುತ್ತವೆ. 5 ವೋಲ್ಟ್ ತಗೊಂಡ್ರೆ ಐವತ್ತು ಮೀಟರ್ ದೂರದ ಸೆನ್ಸರ್ ತಲುಪೋ ಹೊತ್ತಿಗೆ ವೈರಿನಲ್ಲೇ ಕರಗಿ ಹೋಗತ್ತೆ, ನಾಯ್ಸ್ ಬೇರೆ. ಮಧ್ಯದ ದಾರಿ 24. ಪಿಎಲ್‌ಸಿಯ ಡಿಜಿಟಲ್ ಇನ್‌ಪುಟ್ 15 ವೋಲ್ಟಿಗಿಂತ ಮೇಲಿದ್ದರೆ ‘ಆನ್’, 5ಕ್ಕಿಂತ ಕೆಳಗಿದ್ದರೆ ‘ಆಫ್’ ಅಂತ ಓದತ್ತೆ. ಮಧ್ಯದ ಹತ್ತು ವೋಲ್ಟ್ ಅಂತರವೇ ಕಾರ್ಖಾನೆಯ ಗದ್ದಲದ ವಿರುದ್ಧದ ಬೇಲಿ. ಪಿಎಲ್‌ಸಿ ತಾನು ಕೆಲಸ ಮಾಡೋಕೆ ಸಾಮಾನ್ಯವಾಗಿ ಕೇಳೋದು 20.4ರಿಂದ 28.8 ವೋಲ್ಟ್. ಈ 20.4 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ನೂರರಿಂದ ಕಳೆದರೆ ಉಳಿಯೋದು

ಡೇಟಾಶೀಟಿನಲ್ಲಿ ಎಫಿಶಿಯೆನ್ಸಿ 85 ಅಂತ ಒಂದರಲ್ಲಿ, 94 ಅಂತ ಇನ್ನೊಂದರಲ್ಲಿ ಇರತ್ತೆ ಅಂದ್ಕೊಳ್ಳಿ. ಪರೀಕ್ಷೆಯ ಅಂಕದ ಹಾಗೆ ನೋಡಿದರೆ ಎರಡೂ ಡಿಸ್ಟಿಂಕ್ಷನ್. ಆದರೆ ಪ್ಯಾನೆಲ್ಲಿಗೆ ಬೇಕಾದ್ದು ಅಂಕ ಅಲ್ಲ, ನೂರರಿಂದ ಕಳೆದ ಮೇಲೆ ಉಳಿಯೋದು. 240 ವ್ಯಾಟ್ ಹೊರಗೆ ಕೊಡೋಕೆ ಮೊದಲನೆಯದು ಒಳಗೆ ತಗೊಳ್ಳೋದು 282 ವ್ಯಾಟ್. 42 ವ್ಯಾಟ್ ಶಾಖ. ಎರಡನೆಯದು 255 ತಗೊಂಡು 15 ವ್ಯಾಟ್ ಮಾತ್ರ ಸುಡತ್ತೆ. ಒಂಬತ್ತು ಅಂಕದ ವ್ಯತ್ಯಾಸ ಅಲ್ಲ ಇದು, ಶಾಖ ಹತ್ತಿರ ಹತ್ತಿರ ಮೂರನೇ ಒಂದಕ್ಕೆ ಇಳಿದಿದೆ.

ಆ 42 ವ್ಯಾಟ್ ಎಲ್ಲಿಗೆ ಹೋಗತ್ತೆ? ಧೂಳು, ನೀರು ಒಳಗೆ ಬರಬಾರದು ಅಂತ ಪ್ಯಾನೆಲ್ ಬಾಗಿಲಿಗೆ ಗ್ಯಾಸ್ಕೆಟ್ ಹಾಕಿ ಬಿಗಿದಿರ್ತೀವಿ. ಗಾಳಿ ಆಡಲ್ಲ. ಶಾಖ ಹೊರಗೆ ಹೋಗಬೇಕಾದ್ದು ತಗಡಿನ ಮೂಲಕ ಮಾತ್ರ. ಬಣ್ಣ ಬಳಿದ ಸ್ಟೀಲ್ ತಗಡಿಗೆ ಎನ್‌ಕ್ಲೋಶರ್ ತಯಾರಕರು ಬಳಸೋ ಸಂಖ್ಯೆ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.5 ವ್ಯಾಟ್. 600 ಮಿಲಿಮೀಟರ್ ಅಗಲ, 800 ಎತ್ತರ, 250 ಆಳದ, ಗೋಡೆಗೆ ಹೊಡೆದ ಒಂದು ಪ್ಯಾನೆಲ್ ತಗೊಳ್ಳೋಣ. ಹಿಂಭಾಗ ಗೋಡೆಗಿದೆ, ತಳ ಲೆಕ್ಕಕ್ಕಿಲ್ಲ. ಮುಂದಿನ ಬಾಗಿಲು, ಎರಡು ಪಕ್ಕ, ಮೇಲ್ಭಾಗ ಸೇರಿಸಿದರೆ 1.03 ಚದರ ಮೀಟರ್. ಅಂದ್ರೆ ಒಳಗಿನ ಒಂದೊಂದು 5.7 ವ್ಯಾಟಿಗೂ ಒಳಗಿನ ಗಾಳಿ ಹೊರಗಿಗಿಂತ ಒಂದು ಡಿಗ್ರಿ ಹೆಚ್ಚು.

ಈ ಪ್ಯಾನೆಲ್ಲಿನಲ್ಲಿ ಒಂದು ಸಣ್ಣ ಡ್ರೈವ್, ಪಿಎಲ್‌ಸಿ, ರಿಲೇಗಳು ಸೇರಿ 70 ವ್ಯಾಟ್ ಶಾಖ ಇದೆ ಅಂತ ಇಟ್ಕೊಳ್ಳಿ. ಜಾಗ ಕಲಬುರಗಿ ಅಥವಾ ರಾಯಚೂರು, ಏಪ್ರಿಲ್ ತಿಂಗಳು, ಶೆಡ್ಡಿನ ಒಳಗೆ 42 ಡಿಗ್ರಿ. ಫುಲ್ ಲೋಡಿನಲ್ಲಿ ಮೊದಲನೆಯ ಸಪ್ಲೈ ಹಾಕಿದರೆ ಒಟ್ಟು 112 ವ್ಯಾಟ್, ಒಳಗೆ 20 ಡಿಗ್ರಿ ಏರಿಕೆ, 62 ಡಿಗ್ರಿ. ಎರಡನೆಯದು ಹಾಕಿದರೆ 85 ವ್ಯಾಟ್, 15 ಡಿಗ್ರಿ ಏರಿಕೆ, 57 ಡಿಗ್ರಿ. ಐದು ಡಿಗ್ರಿ ಏನ್ ಮಹಾ ಅನ್ನಿಸಬಹುದು. ಆದರೆ ಬಹಳಷ್ಟು ಸಪ್ಲೈಗಳ ಡಿರೇಟಿಂಗ್ ಗ್ರಾಫ್ ನೋಡಿ, 60 ಡಿಗ್ರಿವರೆಗೆ ನೇರವಾಗಿದ್ದ ಗೆರೆ ಅಲ್ಲಿಂದ ಕೆಳಗೆ ಬೀಳತ್ತೆ, ಸಾಮಾನ್ಯವಾಗಿ ಡಿಗ್ರಿಗೆ ಎರಡೂವರೆ ಪರ್ಸೆಂಟಿನಂತೆ. ಒಂದು ಸಪ್ಲೈ ತಾನೇ ಉಂಟುಮಾಡಿದ ಶಾಖದಿಂದ ಆ ಗೆರೆ ದಾಟಿದೆ, ಇನ್ನೊಂದು ಒಳಗೇ ಉಳಿದಿದೆ. ನಾವು ಹಾಕಿದ್ದು ಸರಾಸರಿ ಲೆಕ್ಕ ಬೇರೆ. ಬಿಸಿ ಗಾಳಿ ಮೇಲೇರತ್ತೆ, ಸಪ್ಲೈ ಇರೋದು ಸಾಮಾನ್ಯವಾಗಿ ಮೇಲಿನ ಸಾಲಿನಲ್ಲೇ.

ಇನ್ನೊಂದು ಪೆಟ್ಟು ಆಯುಷ್ಯದ ಮೇಲೆ. ಸಪ್ಲೈ ಒಳಗೆ ಮೊದಲು ಸಾಯೋದು ಸಾಮಾನ್ಯವಾಗಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಅದರ ಒಳಗಿನ ದ್ರವ ನಿಧಾನಕ್ಕೆ ಆರಿಹೋಗತ್ತೆ. ಹತ್ತು ಡಿಗ್ರಿ ಹೆಚ್ಚಾದರೆ ಆಯುಷ್ಯ ಅರ್ಧ ಅನ್ನೋದು ಎಲ್ಲರೂ ಬಳಸೋ ನಿಯಮ. ಆ ಲೆಕ್ಕದಲ್ಲಿ ಐದು ಡಿಗ್ರಿ ಕಡಿಮೆ ಅಂದ್ರೆ ಆಯುಷ್ಯ ಸುಮಾರು 1.4 ಪಟ್ಟು. ಪಕ್ಕದಲ್ಲಿರೋ ಪಿಎಲ್‌ಸಿ, ಡ್ರೈವ್ ಒಳಗಿನ ಕೆಪಾಸಿಟರಿಗೂ ಈ ಲಾಭ ಸಿಗತ್ತೆ, ಯಾಕಂದ್ರೆ ಎಲ್ಲರೂ ಉಸಿರಾಡೋದು ಒಂದೇ ಗಾಳಿ.

ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋದವರಿಗೆ ಒಂದು ದೃಶ್ಯ ಪರಿಚಿತ: ಪ್ಯಾನೆಲ್ ಬಾಗಿಲು ಹಾರುಹೊಡೆದು ತೆರೆದಿರತ್ತೆ, ಎದುರಿಗೆ ಒಂದು ಪೆಡೆಸ್ಟಲ್ ಫ್ಯಾನ್ ಗುಂಯ್ ಅಂತ ತಿರುಗ್ತಿರತ್ತೆ. ನಾವೂ ನೋಡಿ ನಕ್ಕಿದ್ದೇವೆ. ಮೇಂಟೆನೆನ್ಸಿನವರ ತಪ್ಪಲ್ಲ ಅದು, ಅವರಿಗೆ ಲೈನ್ ಓಡಬೇಕು. ತಪ್ಪು ಅದಕ್ಕಿಂತ ಮೊದಲು, ಶಾಖದ ಲೆಕ್ಕ ಹಾಕದೆ ಡಬ್ಬಿಗಳನ್ನು ತುಂಬಿಸಿದ ಟೇಬಲ್ಲಿನ ಮೇಲೆ ಆಗಿರತ್ತೆ. ಆ ಫ್ಯಾನ್ ಗಾಳಿಯ ಜೊತೆ ಲೋಹದ ಪುಡಿ, ಎಣ್ಣೆಯ ಮಂಜನ್ನೂ ಒಳಗೆ ತಳ್ಳತ್ತೆ. ಐಪಿ 54 ಅಂತ ದುಡ್ಡು ಕೊಟ್ಟು ತಂದ ಎನ್‌ಕ್ಲೋಶರ್ ಆ ಕ್ಷಣದಿಂದ ಬರೀ ಕಪಾಟು.

ಸಣ್ಣದಾಗಿದ್ದು ಹೇಗೆ

ಟ್ರಾನ್ಸ್‌ಫಾರ್ಮರ್ ಸೂತ್ರ ಎಲ್ಲರಿಗೂ ಬಾಯಿಪಾಠ: ವೋಲ್ಟೇಜ್ ಅಂದ್ರೆ 4.44 ಗುಣಿಸು ಫ್ರೀಕ್ವೆನ್ಸಿ, ಸುತ್ತುಗಳು, ಫ್ಲಕ್ಸ್ ಡೆನ್ಸಿಟಿ, ಕೋರಿನ ವಿಸ್ತೀರ್ಣ. ವೋಲ್ಟೇಜ್ ಅಷ್ಟೇ ಇರಲಿ, ಫ್ರೀಕ್ವೆನ್ಸಿ 50ರಿಂದ ಒಂದು ಲಕ್ಷ ಹರ್ಟ್ಸ್‌ಗೆ ಏರಿಸಿ, ಕೋರ್ ಕುಗ್ಗಲೇಬೇಕು. ಎರಡು ಸಾವಿರ ಪಟ್ಟು ಕುಗ್ಗಲ್ಲ. ಅಷ್ಟು ವೇಗಕ್ಕೆ ಸಿಲಿಕಾನ್ ಸ್ಟೀಲ್ ಬಳಸೋ ಹಾಗಿಲ್ಲ, ಫೆರೈಟ್ ಬೇಕು. ಸ್ಟೀಲ್ ಒಂದೂವರೆ ಟೆಸ್ಲಾವರೆಗೆ ತಡೆದರೆ ಫೆರೈಟಿನಲ್ಲಿ ನಷ್ಟ ಕಡಿಮೆ ಇರಬೇಕಾದರೆ 0.1, 0.2 ಟೆಸ್ಲಾದಲ್ಲೇ ನಿಲ್ಲಬೇಕು. ಆದರೂ ಕಿಲೋಗಟ್ಟಲೆ ತೂಗುತ್ತಿದ್ದದ್ದು ಅಂಗೈಯೊಳಗೆ ಬಂತು. 1977ರ ಆಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಸ್ವಿಚಿಂಗ್ ಸಪ್ಲೈ ವಿನ್ಯಾಸ ಮಾಡಿದ್ದಕ್ಕೆ ಒಂದು ಕಾರಣ, ಆ ಯಂತ್ರದಲ್ಲಿ ಫ್ಯಾನ್ ಇರಬಾರದು ಅನ್ನೋ ಹಟ. ಪ್ಯಾನೆಲ್ ಸಪ್ಲೈಗಳಿಗೂ ಇವತ್ತಿಗೂ ಅದೇ ಹಟ ಇದೆ. ಫ್ಯಾನ್ ಅಂದ್ರೆ ಬೇರಿಂಗ್, ಬೇರಿಂಗ್ ಅಂದ್ರೆ ಸವೆತ. ಹತ್ತು ವರ್ಷ ಯಾರೂ ಮುಟ್ಟದೆ ಓಡಬೇಕಾದ ಡಬ್ಬಿಯಲ್ಲಿ ತಿರುಗೋ ಭಾಗ ಬೇಡ.

ಇಲ್ಲೇ ನಮಗೆ ಬಹಳ ಹಿಡಿಸಿದ ವಿಷಯ ಬರೋದು. ಫ್ರೀಕ್ವೆನ್ಸಿ ಏರಿಸಿ ಟ್ರಾನ್ಸ್‌ಫಾರ್ಮರ್ ಕುಗ್ಗಿಸಬಹುದು, ಸರಿ. ಡಬ್ಬಿ ಕುಗ್ಗಿಸೋಕೆ ಅದು ಸಾಲದು. ಫ್ಯಾನ್ ಇಲ್ಲದ ಡಬ್ಬಿ ತನ್ನ ಮೈಯಿಂದ ಮಾತ್ರ ಶಾಖ ಬಿಡಬೇಕು. 60 ಮಿಲಿಮೀಟರ್ ಅಗಲ, 125 ಎತ್ತರ, 115 ಆಳದ ಡಬ್ಬಿಯ ಮೈ ಸುಮಾರು 0.058 ಚದರ ಮೀಟರ್. ಗಾಳಿಯ ಸಹಜ ಚಲನೆ, ವಿಕಿರಣ ಸೇರಿ ಚದರ ಮೀಟರಿಗೆ ಡಿಗ್ರಿಗೆ 10 ವ್ಯಾಟ್ ಅಂತ ಒರಟು ಲೆಕ್ಕ ಹಿಡಿದರೆ, 42 ವ್ಯಾಟ್ ಹೊರಹಾಕೋಕೆ ಮೈ ಸುತ್ತಲಿನ ಗಾಳಿಗಿಂತ 70 ಡಿಗ್ರಿಗೂ ಹೆಚ್ಚು ಬಿಸಿ ಆಗಬೇಕು. ಒಳಗಿನ ಗಾಳಿ 60 ಇದ್ದರೆ ಡಬ್ಬಿಯ ಮೇಲೆ ದೋಸೆ ಹುಯ್ಯಬಹುದು. ತೂತುಗಳಿಂದ ಗಾಳಿ ಹಾಯೋದರಿಂದ ನಿಜದಲ್ಲಿ ಇಷ್ಟು ಕೆಟ್ಟದಾಗಿರಲ್ಲ, ಆದರೆ ದಿಕ್ಕು ಗೊತ್ತಾಯ್ತಲ್ಲ. ಅದೇ 40 ಮಿಲಿಮೀಟರ್ ಅಗಲದ ಡಬ್ಬಿಯಲ್ಲಿ 15 ವ್ಯಾಟ್ ಇದ್ದರೆ ಏರಿಕೆ 31 ಡಿಗ್ರಿ. ಹಾಗಾಗಿ ಎಫಿಶಿಯೆನ್ಸಿ, ಸಣ್ಣ ಗಾತ್ರ ಅನ್ನೋದು ಎರಡು ಬೇರೆ ಗುಣಗಳಲ್ಲ. ಮೊದಲನೆಯದು ಬಂದ ಮೇಲೇ ಎರಡನೆಯದು ಸಾಧ್ಯ. ಕಡಿಮೆ ಎಫಿಶಿಯೆನ್ಸಿಯದನ್ನು ಬಲವಂತವಾಗಿ ಸಣ್ಣ ಡಬ್ಬಿಗೆ ತುರುಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ‘40 ಡಿಗ್ರಿ ಮೇಲೆ ಡಿರೇಟ್ ಮಾಡಿ’ ಅಂತ ಬರೆದರೆ ಅದು ಸಣ್ಣದಾದ ಹಾಗಲ್ಲ.

ಹಾಗಾದರೆ ನಷ್ಟ ಎಲ್ಲಿ ಉಳಿತಾಯ ಆಯ್ತು? ಒಳಗಿನ ದಾರಿ ಹೀಗಿದೆ: ಮೇನ್ಸ್ ಬಂದು ನಾಯ್ಸ್ ಫಿಲ್ಟರ್ ದಾಟಿ ಬ್ರಿಡ್ಜ್ ರೆಕ್ಟಿಫೈಯರಿಗೆ, ಅಲ್ಲಿಂದ ಪಿಎಫ್‌ಸಿ ಹಂತ ಅದನ್ನು 390 ವೋಲ್ಟ್ ಆಸುಪಾಸಿನ ಡಿಸಿಗೆ ಏರಿಸಿ ಒಂದು ದೊಡ್ಡ ಕೆಪಾಸಿಟರಿಗೆ ತುಂಬತ್ತೆ, ಅಲ್ಲಿಂದ ಎರಡು ಮಾಸ್ಫೆಟ್ ಆ ಡಿಸಿಯನ್ನು ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ, ಕೊನೆಗೆ ಈಚೆ ಕಡೆ ಮತ್ತೆ ರೆಕ್ಟಿಫೈ ಆಗಿ 24 ವೋಲ್ಟ್.

ಈಚೆ ಕಡೆಯಿಂದ ನೋಡೋಣ, ಲೆಕ್ಕ ಸುಲಭ. ಹಿಂದೆ ಇಲ್ಲಿ ಶಾಟ್ಕಿ ಡಯೋಡ್ ಇರ್ತಿತ್ತು. ಅರ್ಧ ವೋಲ್ಟ್ ಬೀಳತ್ತೆ, 10 ಆಂಪಿಯರ್ ಹರಿಯತ್ತೆ, 5 ವ್ಯಾಟ್ ಹೋಯ್ತು. ಅದರ ಬದಲು ಸರಿಯಾದ ಗಳಿಗೆಗೆ ಆನ್ ಆಗೋ ಮಾಸ್ಫೆಟ್ ಹಾಕಿದರೆ, ಅದರ ಆನ್ ರೆಸಿಸ್ಟೆನ್ಸ್ 4 ಮಿಲಿಓಮ್ ಅಂದರೂ ನಷ್ಟ ಅರ್ಧ ವ್ಯಾಟ್ ಆಸುಪಾಸು. ಇದೇ ಸಿಂಕ್ರೊನಸ್ ರೆಕ್ಟಿಫಿಕೇಶನ್. ಹೆಸರು ದೊಡ್ಡದು, ವಿಷಯ ಇಷ್ಟೇ: ಡಯೋಡಿನ ಬಾಗಿಲಿಗೆ ಸುಂಕ ಕೊಡೋ ಬದಲು ನಾವೇ ಬಾಗಿಲು ತೆಗೆದು ಹಾಕೋದು.

ಆಚೆ ಕಡೆಯ ಮಾಸ್ಫೆಟ್‌ಗಳ ತೊಂದರೆ ಬೇರೆ. ಸೆಕೆಂಡಿಗೆ ಲಕ್ಷ ಸಲ ಆನ್ ಆಫ್ ಆಗೋವಾಗ, ಪ್ರತಿ ಸಲ ವೋಲ್ಟೇಜೂ ಕರೆಂಟೂ ಒಟ್ಟಿಗೆ ಇರೋ ಒಂದು ಸಣ್ಣ ಕ್ಷಣ ಬರತ್ತೆ. ಆ ಕ್ಷಣದಲ್ಲೇ ಶಾಖ. ಓಡ್ತಿರೋ ಬಸ್ಸಿನಿಂದ ಇಳಿದ ಹಾಗೆ, ಪ್ರತಿ ಸಲ ಮೈ ಕೈ ತರಚತ್ತೆ. ಎಲ್‌ಎಲ್‌ಸಿ ರೆಸೊನೆಂಟ್ ಸರ್ಕ್ಯೂಟ್ ಮಾಡೋ ಕೆಲಸ ಅಂದ್ರೆ ಬಸ್ ನಿಂತ ಮೇಲೆ ಇಳಿಸೋದು. ಎರಡು ಇಂಡಕ್ಟೆನ್ಸ್, ಒಂದು ಕೆಪಾಸಿಟರ್ ಸೇರಿ ಕರೆಂಟನ್ನು ಅಲೆಯ ಹಾಗೆ ತೂಗಿಸಿ, ಮಾಸ್ಫೆಟ್ ಮೇಲಿನ ವೋಲ್ಟೇಜ್ ತಾನಾಗೇ ಸೊನ್ನೆಗೆ ಬಂದ ಮೇಲೆ ಅದನ್ನು ಆನ್ ಮಾಡ್ತವೆ. ಎರಡು ಇಂಡಕ್ಟೆನ್ಸಿನಲ್ಲಿ ಒಂದು ಟ್ರಾನ್ಸ್‌ಫಾರ್ಮರಿನ ಮ್ಯಾಗ್ನೆಟೈಸಿಂಗ್ ಇಂಡಕ್ಟೆನ್ಸೇ. ಇನ್ನೊಂದಕ್ಕೆ ಅದರ ಲೀಕೇಜನ್ನೇ ದುಡಿಸಿಕೊಳ್ಳಬಹುದು. ನಾವು ಮೆಷಿನ್ಸ್ ಪೇಪರಿನಲ್ಲಿ ದೋಷ ಅಂತ ಬರೆದ ಲೀಕೇಜ್ ಇಲ್ಲಿ ಕೆಲಸಕ್ಕೆ ಸೇರಿಕೊಂಡಿದೆ, ಬೇರೆ ಕಾಯಿಲ್ ಹಾಕೋ ಜಾಗವೂ ಉಳೀತು.

ಪಿಎಫ್‌ಸಿ ಹಂತದ ಬಗ್ಗೆ ಹೇಳಬೇಕಂದ್ರೆ, ಅದು ಎಫಿಶಿಯೆನ್ಸಿಗೋಸ್ಕರ ಬಂದಿದ್ದಲ್ಲ, ಅದನ್ನು ತುಸು ತಿನ್ನತ್ತೆ. ಬ್ರಿಡ್ಜ್ ಆದ ಮೇಲೆ ನೇರ ಕೆಪಾಸಿಟರ್ ಇಟ್ಟರೆ ಕರೆಂಟ್ ಸೈನ್ ಅಲೆಯ ತುದಿಯಲ್ಲಿ ಮಾತ್ರ ಚೂಪಾಗಿ ಹರಿದು ಮೇನ್ಸ್‌ಗೆ ಹಾರ್ಮೋನಿಕ್ಸ್ ಗಲೀಜು ತುಂಬತ್ತೆ. 75 ವ್ಯಾಟ್ ದಾಟಿದ ಉಪಕರಣಗಳಿಗೆ ಐಇಸಿ 61000-3-2 ಇದಕ್ಕೆ ಮಿತಿ ಹಾಕಿದೆ. ಆ ನಷ್ಟವನ್ನು ವಾಪಸ್ ಗಿಟ್ಟಿಸೋಕೆ ಈಗ ಗ್ಯಾಲಿಯಮ್ ನೈಟ್ರೈಡ್ ಬರ್ತಿದೆ. ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪಿಗೂ ಫೋನಿಗೂ ಒಂದೇ ಅಂತ ನಾವು ಹಂಚಿಕೊಳ್ಳೋ 65 ವ್ಯಾಟಿನ ಪುಟ್ಟ ಚಾರ್ಜರ್ ಇದೆಯಲ್ಲ, ಅಂಥ ಹಲವು ಚಾರ್ಜರುಗಳಲ್ಲಿ ಇರೋದು ಇದೇ. ಸಿಲಿಕಾನ್ ಮಾಸ್ಫೆಟ್ಟಿನ ಒಡಲ ಡಯೋಡಿಗೆ ಇರೋ ರಿವರ್ಸ್ ರಿಕವರಿ ಕಾಟ ಇದಕ್ಕಿಲ್ಲ. ಹಾಗಾಗಿ ಬ್ರಿಡ್ಜ್ ಡಯೋಡ್‌ಗಳನ್ನೇ ಕಿತ್ತು ಹಾಕಿ ಟೋಟೆಮ್ ಪೋಲ್ ಅನ್ನೋ ರೀತಿಯಲ್ಲಿ ಪಿಎಫ್‌ಸಿ ಕಟ್ಟಬಹುದು. ಬೆಂಗಳೂರಿನ ಐಐಎಸ್‌ಸಿಯಲ್ಲೂ ಗ್ಯಾಲಿಯಮ್ ನೈಟ್ರೈಡ್ ಮೇಲೆ ಸಂಶೋಧನೆ ನಡೀತಿದೆ, ಎಂ.ಟೆಕ್ ಯೋಚನೆ ಇರೋರು ಒಮ್ಮೆ ನೋಡಿ.

ಇಷ್ಟೆಲ್ಲ ಆದರೂ ಜಗ್ಗದ ಒಂದು ವಸ್ತು ಆ ದೊಡ್ಡ ಕೆಪಾಸಿಟರ್. ಮೇನ್ಸ್ ಒಂದು ಸೈಕಲ್ ತಪ್ಪಿದರೂ, ಅಂದ್ರೆ 20 ಮಿಲಿಸೆಕೆಂಡ್, 24 ವೋಲ್ಟ್ ಅಲುಗಬಾರದು. 250 ವ್ಯಾಟನ್ನು 20 ಮಿಲಿಸೆಕೆಂಡ್ ಕೊಡೋಕೆ 5 ಜೌಲ್ ಬೇಕು. ಕೆಪಾಸಿಟರ್ 390ರಿಂದ 300 ವೋಲ್ಟಿಗೆ ಇಳಿಯೋವರೆಗೆ ಬಳಸಿಕೊಳ್ಳಬಹುದು ಅಂದ್ರೆ, ಅರ್ಧ ಸಿ ವಿ ಸ್ಕ್ವೇರ್ ಹಾಕಿ ನೋಡಿ, ಸುಮಾರು 160 ಮೈಕ್ರೊಫ್ಯಾರಡ್ ಬರತ್ತೆ. 450 ವೋಲ್ಟಿನ ರೇಟಿಂಗಿನಲ್ಲಿ ಅದು ಹೆಬ್ಬೆರಳಿಗಿಂತ ದಪ್ಪ ಸಿಲಿಂಡರ್. ಒಳಗಿನ ಸ್ವಿಚಿಂಗ್ ಲಕ್ಷದಿಂದ ಹತ್ತು ಲಕ್ಷ ಹರ್ಟ್ಸ್‌ಗೆ ಹೋದರೂ ಇದು ಒಂದು ಕೂದಲೂ ಕುಗ್ಗಲ್ಲ, ಯಾಕಂದ್ರೆ ಇದು ಉತ್ತರ ಕೊಡ್ತಿರೋದು ಹೊರಗಿನ 50 ಹರ್ಟ್ಸ್‌ಗೆ. ಯಾವುದಾದರೂ ಸಪ್ಲೈ ನಂಬಲಾಗದಷ್ಟು ಸಣ್ಣದಾಗಿದ್ದರೆ ಮೊದಲು ಅದರ ಹೋಲ್ಡ್ ಅಪ್ ಟೈಮ್ ನೋಡಿ. ಎಷ್ಟೋ ಸಲ ಕತ್ತರಿ ಬಿದ್ದಿರೋದು ಅಲ್ಲೇ. ಅಂದಹಾಗೆ 20 ಮಿಲಿಸೆಕೆಂಡ್ ಅನ್ನೋದು ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ. ಕರೆಂಟ್ ಹೋಗಿ ಜನರೇಟರ್ ಹತ್ತೋ ನಡುವಿನ ಸೆಕೆಂಡುಗಳಿಗೆ ಇದು ಆಗಲ್ಲ, ಅದಕ್ಕೆ ಬ್ಯಾಟರಿಯ ಡಿಸಿ ಯುಪಿಎಸ್ ಬೇರೆಯೇ ಬೇಕು.

ಎಂಸಿಬಿ ಬೀಳಲ್ಲ, ಪಿಎಲ್‌ಸಿ ಬೀಳತ್ತೆ

ಇದು ಕಾಲೇಜಿನಲ್ಲಿ ಯಾರೂ ಹೇಳದ, ಸೈಟಿನಲ್ಲಿ ಕಾಡೋ ವಿಷಯ. 24 ವೋಲ್ಟನ್ನು ನಾಲ್ಕೈದು ದಾರಿಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಸಿ ಕರ್ವ್ 6 ಆಂಪಿಯರ್ ಎಂಸಿಬಿ ಹಾಕೋದು ರೂಢಿ. ಒಂದು ದಿನ ಫೋರ್ಕ್‌ಲಿಫ್ಟ್ ಚಕ್ರ ಸೆನ್ಸರ್ ಕೇಬಲ್ ಮೇಲೆ ಹತ್ತಿ ಶಾರ್ಟ್ ಆಯ್ತು. ಆ ಎಂಸಿಬಿ ಬಿದ್ದು ಉಳಿದದ್ದು ಓಡ್ತಿರಬೇಕು ಅನ್ನೋದು ನಮ್ಮ ಲೆಕ್ಕ.

ಆದರೆ ಸಿ ಕರ್ವ್ ಎಂಸಿಬಿ ತಕ್ಷಣ ಬೀಳೋಕೆ ಎಸಿಯಲ್ಲಿ ರೇಟಿಂಗಿನ 5ರಿಂದ 10 ಪಟ್ಟು ಕರೆಂಟ್ ಬೇಕು, ಡಿಸಿಯಲ್ಲಿ ಅದರ ಒಂದೂವರೆ ಪಟ್ಟು. ಅಂದ್ರೆ ಕೆಟ್ಟ ಸಂದರ್ಭದಲ್ಲಿ 90 ಆಂಪಿಯರ್. ನಮ್ಮ ಸಪ್ಲೈ ಎಷ್ಟೇ ಒದ್ದಾಡಿದರೂ ಕೊಡೋದು 15. ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಶಾರ್ಟ್ ಆದಾಗ ಸಿಕ್ಕಾಪಟ್ಟೆ ಕರೆಂಟ್ ಕಕ್ಕುತ್ತಿತ್ತು, ಎಲೆಕ್ಟ್ರಾನಿಕ್ ಸಪ್ಲೈ ತನ್ನನ್ನು ತಾನು ಕಾಪಾಡಿಕೊಳ್ಳತ್ತೆ. 15 ಆಂಪಿಯರ್ ಅಂದ್ರೆ 6ರ ಎರಡೂವರೆ ಪಟ್ಟು. ಅಲ್ಲಿ ಎಂಸಿಬಿಯ ಥರ್ಮಲ್ ಪಟ್ಟಿ ಬಾಗಿ ಬೀಳೋಕೆ ಮಾನಕದ ಪ್ರಕಾರ 1 ಸೆಕೆಂಡಿನಿಂದ 60 ಸೆಕೆಂಡಿನವರೆಗೆ ಹಿಡಿಯಬಹುದು. ಅಷ್ಟರೊಳಗೆ 24 ವೋಲ್ಟ್ ಕುಸಿದು, ಆಗಲೇ ಹೇಳಿದ 20.4ಕ್ಕಿಂತ ಕೆಳಗೆ ಹೋಗಿ, ಪಿಎಲ್‌ಸಿ ರೀಸೆಟ್ ಆಗಿರತ್ತೆ. ಒಂದು ಸೆನ್ಸರಿನ ವೈರಿಗೆ ಇಡೀ ಲೈನ್.

ದೊಡ್ಡ ಸಪ್ಲೈ ಹಾಕಿದರೆ ಆಯ್ತಲ್ಲ ಅನ್ನಬಹುದು. ಕೇಬಲ್ ಬಿಡಲ್ಲ. 1 ಚದರ ಮಿಲಿಮೀಟರಿನ ತಾಮ್ರದ ವೈರ್ 20 ಮೀಟರ್ ಹೋಗಿ 20 ಮೀಟರ್ ವಾಪಸ್ ಬಂದರೆ ಅದರ ರೆಸಿಸ್ಟೆನ್ಸ್ 0.7 ಓಮ್. 24ನ್ನು 0.7ರಿಂದ ಭಾಗಿಸಿ, 34 ಆಂಪಿಯರ್. ಹಿಂದೆ ಎಷ್ಟೇ ಬಲದ ಸಪ್ಲೈ ಇದ್ದರೂ ಆ ತುದಿಯ ಶಾರ್ಟಿಗೆ ಇದಕ್ಕಿಂತ ಹೆಚ್ಚು ಹರಿಯಲ್ಲ, ಸಿ 6 ತಕ್ಷಣ ಬೀಳುತ್ತೆ ಅನ್ನೋ ಭರವಸೆ ಇಲ್ಲ. ಬಿ ಕರ್ವ್ ಹಾಕಿದರೆ, ರೇಟಿಂಗ್ ಇಳಿಸಿದರೆ ಸ್ವಲ್ಪ ವಾಸಿ. ಕೆಲವು ಸಪ್ಲೈಗಳು ಹತ್ತು ಹದಿನೈದು ಮಿಲಿಸೆಕೆಂಡ್ ಮಟ್ಟಿಗೆ ರೇಟಿಂಗಿನ ಆರು ಪಟ್ಟು ಕರೆಂಟ್ ಒದ್ದು ಎಂಸಿಬಿ ಬೀಳಿಸೋ ಉಪಾಯ ಇಟ್ಟುಕೊಂಡಿವೆ. ಇನ್ನೊಂದು ದಾರಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರ್. ಅದು ಆಯಾ ದಾರಿಯ ಕರೆಂಟನ್ನು ತಾನೇ ಅಳೆದು, ಬಸ್ ಕುಸಿಯೋ ಮೊದಲು ಆ ದಾರಿಯನ್ನು ಮಾತ್ರ ಕತ್ತರಿಸತ್ತೆ. ಬೆಲೆ ಹೆಚ್ಚು. ನಮ್ಮನ್ನು ಕೇಳಿದರೆ, ಪ್ಯಾನೆಲ್ಲಿನ ಬಜೆಟ್ ಬಿಗಿ ಇದ್ದಾಗ ಪಿಎಲ್‌ಸಿಗೆ ಮಾತ್ರ ಒಂದು ಸಣ್ಣ ಸಪ್ಲೈ, ವಾಲ್ವ್ ಸೆನ್ಸರ್‌ಗಳಿಗೆ ಇನ್ನೊಂದು ಅಂತ ಬೇರೆ ಮಾಡೋದೇ ಅತಿ ಅಗ್ಗದ ಬುದ್ಧಿವಂತಿಕೆ. ಕನಿಷ್ಠ ಪರದೆ ಬದುಕಿದ್ದು ಎಲ್ಲಿ ಶಾರ್ಟ್ ಅಂತ ಹೇಳತ್ತೆ.

ಹಾಗಂತ ಎಲ್ಲ ಕಡೆ 94 ಪರ್ಸೆಂಟಿನದನ್ನೇ ಹಾಕಬೇಕಿಲ್ಲ. ಪ್ರಾಜೆಕ್ಟಿಗೆ 2 ಆಂಪಿಯರ್ ಬೇಕಿದ್ದರೆ, 48 ವ್ಯಾಟಿಗೆ 88 ಪರ್ಸೆಂಟಿನದು ಸುಡೋದು ಆರೂವರೆ ವ್ಯಾಟ್, 94ರದು ಮೂರು. ತೆರೆದ ಮೇಜಿನ ಮೇಲೆ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳೋದು ಬೇಡ. ಕರೆಂಟ್ ಬಿಲ್ ಉಳಿಯತ್ತೆ ಅನ್ನೋ ವಾದವೂ ಅರ್ಧ ಸತ್ಯ. 42ರಿಂದ 15 ಕಳೆದರೆ 27 ವ್ಯಾಟ್, ವರ್ಷವಿಡೀ ಫುಲ್ ಲೋಡಿನಲ್ಲಿ ಓಡಿದರೆ 236 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 1,900 ರೂಪಾಯಿ ಒಳಗೆ. ನಿಜದಲ್ಲಿ ಯಾರೂ ಫುಲ್ ಲೋಡಿನಲ್ಲಿ ಓಡಿಸಲ್ಲ, ಆಗ ಅದರ ಅರ್ಧ. ಮಾರೋಕೆ ಬಂದವರು ಬಿಲ್ಲಿನ ಕಥೆ ಹೇಳಿದರೆ ನಗುತ್ತಾ ಕೇಳಿ, ಆದರೆ ಕೊಳ್ಳೋದಿದ್ದರೆ ಶಾಖಕ್ಕೂ ರೈಲಿನ ಜಾಗಕ್ಕೂ ಕೊಳ್ಳಿ. 20 ಮಿಲಿಮೀಟರ್ ಉಳಿದರೆ ಮೂರು ಸ್ಲಿಮ್ ರಿಲೇ ಕೂರತ್ತೆ. ಕೆಲವೊಮ್ಮೆ ಅಷ್ಟೇ ಜಾಗಕ್ಕೆ ಇಡೀ ಎನ್‌ಕ್ಲೋಶರ್ ಒಂದು ಸೈಜ್ ದೊಡ್ಡದಾಗಿರತ್ತೆ.

ಉಳಿಸಿದ ಜಾಗವನ್ನು ಪೂರ್ತಿ ತುಂಬಿಸೋ ಆಸೆಯೂ ಬೇಡ. ಮೇಲೆ 40, ಕೆಳಗೆ 20 ಮಿಲಿಮೀಟರ್ ಬಿಡಿ ಅಂತ ಡೇಟಾಶೀಟಿನಲ್ಲಿ ಸಾಮಾನ್ಯವಾಗಿ ಬರೆದಿರತ್ತೆ, ಪಕ್ಕದಲ್ಲಿ ಬಿಸಿ ನೆಂಟರಿದ್ದರೆ 15. ಆ ಮೇಲಿನ 40ರಲ್ಲೇ ವೈರಿಂಗ್ ಡಕ್ಟ್ ಎಳೆದು ಬಿಡೋರು ಬಹಳ. ಗಾಳಿ ಕೆಳಗಿನಿಂದ ಮೇಲಕ್ಕೆ ಹಾಯೋ ಹಾಗೆ ಡಬ್ಬಿ ನೆಟ್ಟಗೆ ನಿಂತಿರಬೇಕು. ಜಾಗ ಇಲ್ಲ ಅಂತ ಅಡ್ಡ ಮಲಗಿಸಿದರೆ ಚಿಮಣಿ ಮುಚ್ಚಿದ ಹಾಗೆ, ಡಿರೇಟಿಂಗ್ ಬೇರೆಯೇ ಗ್ರಾಫ್.

ಇದನ್ನೆಲ್ಲ ನಮ್ಮ ಪವರ್ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲೇ ಪರೀಕ್ಷಿಸಬಹುದು. ಯಾವುದಾದರೂ ಸಪ್ಲೈಗೆ ರಿಯೊಸ್ಟಾಟ್ ಲೋಡ್ ಕೊಟ್ಟು, ಅರ್ಧ ಗಂಟೆ ಬಿಸಿಯಾಗೋಕೆ ಬಿಟ್ಟು, ಆಮೇಲೆ ರೀಡಿಂಗ್ ತಗೊಳ್ಳಿ. ಎಸಿ ಕಡೆ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ವ್ಯಾಟ್ ಅನ್ನಬೇಡಿ, ಪವರ್ ಫ್ಯಾಕ್ಟರ್ ಕೈಕೊಡತ್ತೆ, ವ್ಯಾಟ್‌ಮೀಟರೇ ಬೇಕು. 25, 50, 75, 100 ಪರ್ಸೆಂಟ್ ಲೋಡಿಗೆ ಬೇರೆ ಬೇರೆ ತಗೊಂಡ್ರೆ ಎಫಿಶಿಯೆನ್ಸಿ ಒಂದು ಸಂಖ್ಯೆಯಲ್ಲ, ಒಂದು ಕರ್ವ್ ಅನ್ನೋದು ಕಾಣತ್ತೆ. ಆದರೆ ಒಂದು ಎಚ್ಚರ: ಮೀಟರಿನಲ್ಲಿ 1 ಪರ್ಸೆಂಟ್ ತಪ್ಪಿದ್ದರೆ 255 ವ್ಯಾಟಿನಲ್ಲಿ ಎರಡೂವರೆ ವ್ಯಾಟ್ ತಪ್ಪು, ನಾವು ಹುಡುಕ್ತಿರೋ ನಷ್ಟವೇ 15. ಹಾಗಾಗಿ ಜೊತೆಗೆ ಡಬ್ಬಿಯ ಮೈಗೆ ಒಂದು ಥರ್ಮೊಕಪಲ್ ಅಂಟಿಸಿ. ಮತ್ತೆ, ಕುತೂಹಲಕ್ಕೆ ಮುಚ್ಚಳ ಬಿಚ್ಚೋರು ಪ್ಲಗ್ ಕಿತ್ತ ತಕ್ಷಣ ಕೈ ಹಾಕಬೇಡಿ. ಒಳಗಿನ ಆ ಸಿಲಿಂಡರಿನಲ್ಲಿ 390 ವೋಲ್ಟ್ ಇನ್ನೂ ಕೂತಿರಬಹುದು. ಮಲ್ಟಿಮೀಟರಿನಲ್ಲಿ ನೋಡಿ ಸೊನ್ನೆ ಆದ ಮೇಲೆ ಮುಟ್ಟಿ.